ಎಸ್ಪ್ರೆಸ್ಸೊಗೂ ಬೇಕು ಬೀಸುಕಲ್ಲು

ಮನೆಯಲ್ಲೇ ಎಸ್ಪ್ರೆಸ್ಸೊ ಮಾಡುವ ಹುಚ್ಚು ಈಗ ಬೆಂಗಳೂರು ದಾಟಿ ಮೈಸೂರು ರಸ್ತೆಯ ಊರುಗಳಿಗೂ ಬಂದಿದೆ. ಹಿಡಿಸಿಕೊಂಡವರು ಹೆಚ್ಚಾಗಿ ಮಾಡುವುದು ಒಂದೇ ಕೆಲಸ: ಕೈಲಿದ್ದ ದುಡ್ಡನ್ನೆಲ್ಲ ಯಂತ್ರಕ್ಕೆ ಸುರಿದು, ಪುಡಿಗೆ ಮಿಕ್ಸಿಯೋ ಅಂಗಡಿಯೋ ಸಾಕು ಅಂದುಕೊಳ್ಳುವುದು. ಲೆಕ್ಕ ತಲೆಕೆಳಗಾಗುವುದು ಅಲ್ಲೇ.

ರಾಮನಗರ, ಕನಕಪುರದ ಕಾಫಿಪುಡಿ ಅಂಗಡಿಗಳಲ್ಲಿ ಬೀಸುವ ಹದ ಫಿಲ್ಟರಿಗೆ ಹೊಂದುವಂಥದ್ದು. ಜೊತೆಗೆ ಚಿಕೋರಿ, ಕಾನೂನಿನ ಪ್ರಕಾರ ಅದು ನೂರಕ್ಕೆ 49ರವರೆಗೂ ಇರಬಹುದು. ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ತೊಟ್ಟಿಕ್ಕುತ್ತದೆ, ಅವಸರವಿಲ್ಲ. ಎಸ್ಪ್ರೆಸ್ಸೊದಲ್ಲಿ ಹಾಗಲ್ಲ. ಸುಮಾರು 9 ಬಾರ್ ಒತ್ತಡ, ಅಂದರೆ ಕಾರಿನ ಟೈರಿನೊಳಗಿರುವುದರ ನಾಲ್ಕು ಪಟ್ಟು. 18 ಗ್ರಾಂ ಪುಡಿಯಿಂದ 25–30 ಸೆಕೆಂಡಿನಲ್ಲಿ ಸುಮಾರು 36 ಗ್ರಾಂ ಡಿಕಾಕ್ಷನ್ ಇಳಿಯಬೇಕು. ಆ ನೀರನ್ನು ಅಷ್ಟು ಹೊತ್ತು ತಡೆದು ನಿಲ್ಲಿಸುವುದು ಪುಡಿ ಮಾತ್ರ.

ಮರಳಿನ ಮೂಲಕ ನೀರು ಹೇಗೆ ಹರಿಯುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಕೊಟ್ಟ. ಆಮೇಲಿನವರು ಕಂಡುಕೊಂಡದ್ದು: ಹರಿವಿನ ವೇಗ ಕಣದ ಗಾತ್ರದ ವರ್ಗಕ್ಕೆ ತಕ್ಕಂತೆ ಏರುತ್ತದೆ. 300 ಮೈಕ್ರಾನ್ ಕಣ 330 ಆಯಿತು ಅನ್ನಿ. ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ 30 ಸೆಕೆಂಡಿನ ಕಾಫಿ 25 ಸೆಕೆಂಡಿಗೇ ಇಳಿದುಬಿಡುತ್ತದೆ.

ಮಿಕ್ಸಿ ಸೋಲುವುದೂ ಇದಕ್ಕೇ. ಅದರ ಬ್ಲೇಡು ಬೀಸುವುದಿಲ್ಲ, ಸಿಕ್ಕಿದ್ದನ್ನು ಚಚ್ಚುತ್ತದೆ. ಒಂದೇ ಜಾರಿನಲ್ಲಿ ಹಿಟ್ಟೂ ಇರುತ್ತದೆ, ನುಚ್ಚೂ ಇರುತ್ತದೆ. ಹಿಟ್ಟಿನಿಂದ ಕಹಿ, ನುಚ್ಚಿನಿಂದ ಹುಳಿ, ಎರಡೂ ಒಂದೇ ಲೋಟಕ್ಕೆ.

ಮಾಗಡಿ ಕಡೆಯ ಹಳೆಯ ಮನೆಗಳ ರಾಗಿಕಲ್ಲನ್ನು ನೆನೆಸಿಕೊಳ್ಳಿ. ಕೆಳಗಿನ ಕಲ್ಲು ಕದಲದು, ಮೇಲಿನದು ತಿರುಗುತ್ತದೆ. ನಡುವಿನ ಸಂದಿಗಿಂತ ದೊಡ್ಡ ಕಾಳು ಒಡೆಯದೆ ಹೊರಗೆ ಬರಲಾರದು. ಕಲ್ಲು ನುಣುಪಾದರೆ ಉಳಿಯಿಂದ ಕಚ್ಚು ಹಾಕಿಸುತ್ತಿದ್ದರು. ಬರ್ ಗ್ರೈಂಡರ್ ಅನ್ನುವುದೂ ಇದೇ ಯಂತ್ರ. ಕಲ್ಲಿನ ಬದಲು ಉಕ್ಕಿನ ಹಲ್ಲುಗಳು, ಸಂದಿಯನ್ನು ಹಿಗ್ಗಿಸಿ ಕುಗ್ಗಿಸಲು ಒಂದು ತಿರುಪು.

ಕೊಳ್ಳುವಾಗ ನೋಡಬೇಕಾದದ್ದು ಆ ತಿರುಪನ್ನೇ. ಅದು 'ಕಟಕ್' ಅಂತ ಒಂದು ಮೆಟ್ಟಿಲು ತಿರುಗಿದರೆ ಹಲ್ಲು ಎಷ್ಟು ಸರಿಯುತ್ತದೆ? ಟೈಮ್‌ಮೋರ್ ಸಿ2 ಎಂಬ ಜನಪ್ರಿಯ ಕೈಗ್ರೈಂಡರಿನಲ್ಲಿ ಸುಮಾರು 80 ಮೈಕ್ರಾನ್. ಫಿಲ್ಟರಿಗೆ ಒಳ್ಳೆಯದೇ. ಎಸ್ಪ್ರೆಸ್ಸೊಗೆ ಮಾತ್ರ, ಒಂದು ಮೆಟ್ಟಿಲಿನಲ್ಲಿ ಯಂತ್ರ ಕಟ್ಟಿಕೊಳ್ಳುತ್ತದೆ, ಮುಂದಿನದರಲ್ಲಿ ನೀರಿನಂತೆ ಸುರಿಯುತ್ತದೆ. ಬೇಕಾದ ಹದ ಎರಡರ ನಡುವೆ ಎಲ್ಲೋ ಕಳೆದುಹೋಗಿರುತ್ತದೆ. ಕಿನ್‌ಗ್ರೈಂಡರ್ ಕೆ6ರಲ್ಲಿ ಒಂದು ಮೆಟ್ಟಿಲು 16 ಮೈಕ್ರಾನ್. ಇಂಥದ್ದು ಬೇಕು.

ಇನ್ನೊಂದು, ನಡುವಿನ ಅಚ್ಚು. ಹಿಡಿ ಹಿಡಿದು ಅಲ್ಲಾಡಿಸಿದಾಗ ಅದು ಓಲಾಡಿದರೆ ಸಂದಿ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಲೇತಿನಲ್ಲಿ ಆಲೆಮರದ ಬೊಂಬೆ ಕಡೆಯುವ ಚನ್ನಪಟ್ಟಣದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಚ್ಚಿನ ಮೇಲೆ ಕೆಳಗೆ ಎರಡೂ ಕಡೆ ಬೇರಿಂಗ್ ಇರುವುದನ್ನೇ ಆರಿಸಿ.

ಕಡಿಮೆ ಬೆಲೆಯಲ್ಲಿ ಕೈಗ್ರೈಂಡರ್ ಗೆಲ್ಲುವುದು ಸಹಜ: ಮೋಟಾರಿನ ದುಡ್ಡು ಹಲ್ಲಿಗೆ, ಅಚ್ಚಿಗೆ ಹೋಗಿರುತ್ತದೆ. ಕರೆಂಟ್ ಹೋದರೂ ಚಿಂತೆಯಿಲ್ಲ. ರಟ್ಟೆಗೆ ಕೆಲಸವೇನೋ ಇದೆ, ಆದರೆ ನಮ್ಮಲ್ಲಿ ಇಷ್ಟಪಡುವ ಕಪ್ಪಗೆ ಹುರಿದ ಬೀಜ ಸುಲಭವಾಗಿ ಮುರಿಯುತ್ತದೆ. ತಿಳಿ ಬಣ್ಣಕ್ಕೆ ಹುರಿದದ್ದು ತುಸು ಹೆಣಗಿಸುತ್ತದೆ.

ಪುಡಿ ಗ್ರೈಂಡರಿನ ಗೋಡೆಗೆ ಅಂಟಿಕೊಂಡರೆ ಅದು ಸ್ಥಿರವಿದ್ಯುತ್ತಿನ ಕಿತಾಪತಿ. ಬೀಸುವ ಮೊದಲು ಬೀಜಕ್ಕೆ ಒಂದೆರಡು ಹನಿ ನೀರು ತಾಗಿಸಿದರೆ ಅದು ತಗ್ಗುತ್ತದೆ ಎಂದು ಅಮೆರಿಕದ ಕ್ರಿಸ್ಟೊಫರ್ ಹೆಂಡನ್ ಮತ್ತು ಸಂಗಡಿಗರು 2023ರಲ್ಲಿ ತೋರಿಸಿಕೊಟ್ಟರು. ಬೀಜ ನೆನೆಯುವಷ್ಟು ಹಾಕಬೇಡಿ. ಉಕ್ಕು ತುಕ್ಕು ಹಿಡಿಯುತ್ತದೆ.

ಎಲ್ಲಕ್ಕಿಂತ ಮೊದಲು ನಿಮ್ಮ ಯಂತ್ರದ ಪುಡಿಬಟ್ಟಲನ್ನು ತಿರುಗಿಸಿ ನೋಡಿ. ಒಳಗೆ ಹಲವು ತೂತಿದ್ದು ಹೊರಗೆ ಒಂದೇ ತೂತಿದ್ದರೆ ಅದು ಜೋಡಿ ಗೋಡೆಯ ಬಟ್ಟಲು, ಒತ್ತಡವನ್ನು ಅದೇ ಹುಟ್ಟಿಸುತ್ತದೆ. ಅದಕ್ಕೆ ಚಿಕೋರಿ ಇಲ್ಲದ ಅಂಗಡಿಪುಡಿ ಸಾಕು, ಗ್ರೈಂಡರಿಗೆ ದುಡ್ಡು ಹಾಕಬೇಡಿ. ಎರಡು ಕಡೆಯೂ ತೂತುಗಳಿದ್ದರೆ ಮಾತ್ರ ಗ್ರೈಂಡರ್ ಕೊಳ್ಳಿ. ಒಂದು ಮೆಟ್ಟಿಲಿಗೆ ಎಷ್ಟು ಮೈಕ್ರಾನ್ ಎಂದು ಮೊದಲೇ ಕೇಳಿ. 20ಕ್ಕಿಂತ ಹೆಚ್ಚು ಅಂದರೆ ಮುಂದಿನದನ್ನು ತೋರಿಸಲು ಹೇಳಿ.