ಹಾಲಿನ ಹಣ ಉಳಿಯುವುದು ಕೊಟ್ಟಿಗೆಯಲ್ಲಿ



ನಮ್ಮ ದೇಶದ ಹೈನುಗಾರಿಕೆ ನಿಂತಿರುವುದು ದೊಡ್ಡ ಫಾರಂಗಳ ಮೇಲಲ್ಲ, ಎರಡು ಮೂರು ರಾಸು ಕಟ್ಟಿದ ಮನೆಗಳ ಮೇಲೆ. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ದಲ್ಲಾಳಿಗಳ ಕೈಬಿಟ್ಟು ತಮ್ಮದೇ ಸಹಕಾರ ಸಂಘ ಕಟ್ಟಿದರು. 1970ರಲ್ಲಿ ಆರಂಭವಾದ ಆಪರೇಷನ್ ಫ್ಲಡ್ ಯೋಜನೆ ಆ ಮಾದರಿಯನ್ನು ದೇಶದ ಅನೇಕ ಭಾಗಗಳಿಗೆ ಹರಡಿತು. ಹೀಗೆ ಸಣ್ಣ ರೈತನ ಎರಡು ಲೀಟರ್ ಹಾಲಿಗೂ ಪಟ್ಟಣದ ಗಿರಾಕಿ ದೊರೆತನು.

ಆದರೆ ಸಂಘವು ಹಾಲಿಗೆ ಬೆಲೆ ಕೊಡಬಲ್ಲುದು. ಲಾಭ ಉಳಿಸುವುದು ನಮ್ಮ ಕೆಲಸ. ಹೈನಿನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮೇವು, ಹಿಂಡಿ, ಬೂಸಾಗಳದು. ಎಲ್ಲವನ್ನೂ ಕೊಂಡು ತಂದರೆ ಹಾಲಿನ ಹಣ ಅಂಗಡಿಗೇ ಹೋಗುತ್ತದೆ. ಆದ್ದರಿಂದ ನೀರಿರುವ ಕಡೆ ಒಂದಿಷ್ಟು ನೇಪಿಯರ್ ಹುಲ್ಲು, ಜೊತೆಗೆ ಅಲಸಂದೆ ಬೆಳೆಯಿರಿ.

ಇನ್ನೊಂದು ಮಾತು. ಬತ್ತಿದ ಹಸುವೂ ಮೇವು ತಿನ್ನುತ್ತದೆ. ಕರು ಹಾಕಿದ ಎರಡು ಮೂರು ತಿಂಗಳೊಳಗೆ ಬೆದೆ ಗುರುತಿಸಿ ಗಬ್ಬ ಕಟ್ಟಿಸಬೇಕು. ಒಂದು ಬೆದೆ ತಪ್ಪಿದರೆ ಮುಂದಿನದಕ್ಕೆ ಸುಮಾರು 21 ದಿನ ಕಾಯಬೇಕು. ಮುಂದಿನ ಕರುವೂ ಅಷ್ಟು ತಡ, ಮುಂದಿನ ಹಾಲೂ ಅಷ್ಟು ತಡ.

ಹಾಲು ಮಾರಿದ ಹಣವನ್ನು ಒಂದು ಕಡೆ, ಮೇವು ಔಷಧಿಗಳ ಖರ್ಚನ್ನು ಇನ್ನೊಂದು ಕಡೆ ಬರೆದಿಡಿರಿ. ಬತ್ತಿದ ತಿಂಗಳುಗಳನ್ನೂ ಸೇರಿಸಿ ವರ್ಷದ ಲೆಕ್ಕ ನೋಡಿರಿ. ಉಳಿದದ್ದೇ ನಿಮ್ಮ ನಿಜವಾದ ಆದಾಯ.