ತುಕ್ಕನ್ನು ಕುದಿಸಿ ನೋಡಿ

ಮೂಡಲಗಿಯ ಓದುಗರೊಬ್ಬರು ಕೇಳಿದ್ದಾರೆ: ‘ಸಂಗೊಳ್ಳಿ ರಾಯಣ್ಣ ನಾಟಕಕ್ಕೆಂದು ಮಾಡಿಸಿದ ಬಂದೂಕಿನ ನಳಿಗೆ ಕಂದಾಗಿದೆ. ಹಳೇ ಕೋವಿಗಳ ಹಾಗೆ ನೀಲಿಗಪ್ಪು ಕಾಣಲು ಯಾವ ಬಣ್ಣ ಹಚ್ಚಬೇಕು?’

ಬಣ್ಣವೇ ಬೇಡ. ಆ ಕಂದನ್ನೇ ನೀರಲ್ಲಿ ಕುದಿಸಿ!

ನೆರೆಯ ಮುಧೋಳ ಸೀಮೆಯ ಹಲಗಲಿಯ ಬೇಡರು ಹತಾರ ಒಪ್ಪಿಸೆವೆಂದು ಸಿಡಿದೆದ್ದದ್ದು 1857ರಲ್ಲಿ. ಆ ಶತಮಾನದಲ್ಲಿ ಬಂದೂಕಿನ ನಳಿಗೆಗೆ ಬೇಕೆಂದೇ ತುಕ್ಕು ಬರಿಸುವ ರೂಢಿಯಿತ್ತು. ಬಿಸಿಲಿಗೆ ಮಿಂಚದಿರಲಿ, ಎಣ್ಣೆ ಹಿಡಿದು ನಿಲ್ಲಲಿ ಎಂಬುದು ಉದ್ದೇಶ. ಹೀಗೆ ಬರಿಸಿದ ತುಕ್ಕನ್ನು ಅಷ್ಟಕ್ಕೇ ಬಿಟ್ಟರೆ ಕಂದು, ಕುದಿಸಿದರೆ ನೀಲಿಗಪ್ಪು.

ಕುದಿಸಿದರೆ ತುಕ್ಕು ಹೆಚ್ಚುವುದಿಲ್ಲವೇ ಎಂದು ಬಹಳ ಮಂದಿ ಹೆದರುತ್ತಾರೆ. ಆಗುವುದು ತದ್ವಿರುದ್ಧ. ಕಂದು ತುಕ್ಕಿನಲ್ಲಿ ಕಬ್ಬಿಣ, ಆಮ್ಲಜನಕಗಳ ಜೊತೆ ಜಲಜನಕವೂ ಸೇರಿರುತ್ತದೆ. ನೀರು ಕುದಿಯುವಾಗ ಅದರಲ್ಲಿ ಕರಗಿದ್ದ ಗಾಳಿ ಹೊರಬೀಳುತ್ತದೆ, ಹೊಸ ತುಕ್ಕಿಗೆ ಬೇಕಾದ ಆಮ್ಲಜನಕ ಸಿಗುವುದಿಲ್ಲ. ಅಡಿಯ ಕಬ್ಬಿಣವೇ ಮೇಲಿನ ತುಕ್ಕಿಗೆ ಎಲೆಕ್ಟ್ರಾನುಗಳನ್ನು ಕೊಡುತ್ತದೆ. ಆಗ ತುಕ್ಕಿನ ಜಲಜನಕವೆಲ್ಲ ಒಂದಿಷ್ಟು ಆಮ್ಲಜನಕದ ಜೊತೆಗೂಡಿ ನೀರಾಗಿ ಹೊರಟುಹೋಗುತ್ತದೆ. ಕುದಿಯುವ ನೀರಿನೊಳಗೆ ಮುಳುಗಿದ್ದುಕೊಂಡೇ ತುಕ್ಕು ತನ್ನ ನೀರು ಕಳೆದುಕೊಳ್ಳುತ್ತದೆ! ಉಳಿಯುವುದು ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡ್. ಬಳ್ಳಾರಿಯ ಕೆಂಪು ಅದಿರು ಹೆಮಟೈಟ್ ಆದರೆ, ಕುದುರೆಮುಖದಲ್ಲಿ 2005ರವರೆಗೆ ತೆಗೆದದ್ದು ಈ ಮ್ಯಾಗ್ನೆಟೈಟನ್ನೇ.

ತುಕ್ಕು ಹೀಗೆ ಬದಲಾಗುವುದಕ್ಕೆ ಸಾಕ್ಷಿ ಬೇಕೆಂದರೆ ಹಳೇ ಸ್ಪೀಕರಿನ ಅಯಸ್ಕಾಂತ ಸಾಕು. ಕಂದು ತುಕ್ಕಿನ ಪುಡಿಯ ಹತ್ತಿರ ಹಿಡಿದರೆ ಅದು ಹೆಚ್ಚೂಕಡಿಮೆ ಮಿಸುಕದು. ಕುದಿಸಿದ ಮೇಲೆ ಕೆರೆದ ಕಪ್ಪು ಪುಡಿ ಜಿಗಿದು ಬಂದು ಅಂಟಿ, ಕೂದಲಿನಂತೆ ನಿಮಿರಿ ನಿಲ್ಲುತ್ತದೆ. ಹುಕ್ಕೇರಿಯಲ್ಲಿ ಕಂಬಾರರೊಬ್ಬರ ಅಡಿಗಲ್ಲಿನ ಸುತ್ತ ಉದುರಿದ್ದ ಕಪ್ಪು ಚಕ್ಕೆಗಳಿಗೂ ಅಯಸ್ಕಾಂತ ಹಿಡಿದು ನೋಡಿದ್ದೇನೆ, ಅವೂ ಹಾಗೆಯೇ ಎದ್ದು ನಿಂತವು. ಬೆಂಕಿ ಕುಲುಮೆಯಲ್ಲಿ ಮಾಡುವ ಕೆಲಸವನ್ನು ಇಲ್ಲಿ ಬರೀ ಬಿಸಿನೀರು ಮಾಡಿಬಿಡುತ್ತದೆ.

ಶನಿವಾರ ಕಬ್ಬಿಣ ಕೊಳ್ಳಬಾರದು, ತುಕ್ಕು ಹಿಡಿದ ಆಯುಧ ಮನೆಯಲ್ಲಿದ್ದರೆ ಶನಿಕಾಟ ಎಂದು ಖಂಡೇ ಪೂಜೆಗೆ ಮುಂಚೆ ಒಳ್ಳೊಳ್ಳೆಯ ಕುಡಗೋಲುಗಳನ್ನು ಗುಜರಿಗೆ ಹಾಕುವವರಿದ್ದಾರೆ. ಇದು ಶುದ್ಧ ದಡ್ಡತನ. ತುಕ್ಕು ಬರುವುದು ತೇವ, ಗಾಳಿಗಳಿಂದ. ಗ್ರಹಗಳಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಇನ್ನು ನಿಮ್ಮ ನಳಿಗೆ. ಹಕ್ಕಳೆದ್ದ ತುಕ್ಕನ್ನು ಮೊದಲು ಕೆರೆದು ತೆಗೆಯಿರಿ, ತೆಳುವಾಗಿ ಗಟ್ಟಿಯಾಗಿ ಕೂತದ್ದಷ್ಟೇ ಉಳಿಯಲಿ. ಜಿಡ್ಡು ಹೋಗುವಂತೆ ಸೋಪಿನಲ್ಲಿ ತೊಳೆಯಿರಿ. ಬೋರ್‌ವೆಲ್ ನೀರು ಬೇಡ, ಸುಣ್ಣದ ಬಿಳಿ ಕಲೆ ಬೀಳುತ್ತದೆ. ಮಳೆನೀರು ಇಲ್ಲವೇ ಬ್ಯಾಟರಿಗೆ ಹಾಕುವ ನೀರು ಬಳಸಿ. ಅರ್ಧ ಗಂಟೆ ಕುದಿಸಿ, ಮೃದುವಾದ ತಂತಿ ಬ್ರಷ್‌ನಿಂದ ಉಜ್ಜಿದರೆ ಮಸಿ ಹೋಗಿ ಬೂದುಗಪ್ಪು ಕಾಣುತ್ತದೆ. ಮತ್ತೆ ತೇವದಲ್ಲಿಟ್ಟು ತುಕ್ಕು ಬರಿಸಿ, ಮತ್ತೆ ಕುದಿಸಿ. ನಾಲ್ಕಾರು ಸಲ ಹೀಗೆ ಮಾಡಿ ಎಣ್ಣೆ ಸವರಿದರೆ ಹಗಲು ಬೆಳಕಿಗೆ ನೀಲಿ ಛಾಯೆ ಹೊಳೆಯುತ್ತದೆ. ನಳಿಗೆಯ ಎರಡೂ ಬಾಯಿ ಮುಚ್ಚಿ ಮಾತ್ರ ಕುದಿಸಬೇಡಿ, ಒಳಗಿನ ಆವಿಗೆ ಬಿರಡೆ ಸಿಡಿದೀತು. ಮುಂದಿನ ಬಂದೂಕು ಮಾಡಿಸುವಾಗಲೂ ಜಿಐ ಪೈಪ್ ತರಬೇಡಿ. ಅದರ ಮೇಲಿನ ಸತುವಿನ ಲೇಪ ಇರುವತನಕ ಕಂದು ತುಕ್ಕು ಬರುವುದಿಲ್ಲ, ತುಕ್ಕು ಬಾರದೆ ಈ ಕಪ್ಪೂ ಬರದು.