ತಿಳಿ ಆಕಾಶದ ಕೆಳಗಿನ ಹೊಗೆ

ವಾಯುಮಾಲಿನ್ಯವೆಂದರೆ ಬೆಂಗಳೂರಿನ ವಾಹನದಟ್ಟಣೆ ಅಥವಾ ದೆಹಲಿಯ ಚಳಿಗಾಲದ ಮಬ್ಬು ಎಂಬ ಭಾವನೆ ಬಲವಾಗಿ ಬೇರೂರಿರುವುದರಿಂದ, ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಅದರ ಮಾತು ಏಳುವುದೇ ಅಪರೂಪ. ಮಧುಗಿರಿಯ ಏಕಶಿಲಾ ಬೆಟ್ಟದ ಮೇಲೂ ಕೊರಟಗೆರೆಯ ಸಿದ್ಧರಬೆಟ್ಟದ ಸುತ್ತಲೂ ಆಕಾಶ ವರ್ಷದ ಬಹುಪಾಲು ತಿಳಿಯಾಗಿಯೇ ಇರುತ್ತದೆ ನಿಜ. ಆದರೆ ಅದೇ ಆಕಾಶದ ಕೆಳಗೆ, ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಸೌದೆ ಒಲೆ ಊದುವ ಹೆಂಗಸಿನ ಪಾಲಿಗೆ ಬರುವ ಗಾಳಿ ಮಹಾನಗರದ ರಸ್ತೆಯ ಗಾಳಿಗಿಂತ ಎಷ್ಟೋ ಪಟ್ಟು ಕೆಟ್ಟದ್ದಾಗಿರುತ್ತದೆ.

ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಕಣಗಳೇ ಹೆಚ್ಚು ಅಪಾಯಕಾರಿ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವನ್ನು ಮೈಕ್ರೋಮೀಟರ್ ಎನ್ನುತ್ತಾರೆ. ಎರಡೂವರೆ ಮೈಕ್ರೋಮೀಟರಿಗಿಂತ ಸಣ್ಣದಾದ, ಅಂದರೆ ತಲೆಗೂದಲಿನ ದಪ್ಪದ ಇಪ್ಪತ್ತರಲ್ಲೊಂದು ಪಾಲೂ ಇಲ್ಲದ ಕಣಗಳಿಗೆ ಪಿಎಂ 2.5 ಎಂದು ಹೆಸರು. ದೊಡ್ಡ ದೂಳನ್ನು ಮೂಗಿನ ಕೂದಲೂ ಕಫವೂ ತಡೆಯುತ್ತವೆ, ಇವನ್ನು ತಡೆಯಲಾರವು. ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿದು, ಕೆಲವು ರಕ್ತಕ್ಕೂ ಸೇರುವುದರಿಂದ, ಹೊಗೆಯ ಪರಿಣಾಮ ಕೆಮ್ಮಿನಲ್ಲಿ ಮುಗಿಯದೆ ಹೃದಯಾಘಾತ ಮತ್ತು ಪಾರ್ಶ್ವವಾಯುವಿನವರೆಗೆ ಚಾಚುತ್ತದೆ. ಒಂದು ಘನಮೀಟರ್ ಗಾಳಿಯಲ್ಲಿ ಇಂಥ ಕಣಗಳ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದೆಂಬುದು ಭಾರತದ ಮಾನದಂಡ; ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು ಕೇವಲ 5ಕ್ಕೆ ಇಳಿಸಿತು. ಒಲೆ ಉರಿಯುವ ಹೊತ್ತಿನಲ್ಲಿ ಮುಚ್ಚಿದ ಅಡುಗೆಮನೆಯ ಪ್ರಮಾಣ ನೂರುಗಳ ಲೆಕ್ಕಕ್ಕೆ ಏರುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದೂ ಅವರಲ್ಲಿ 2.37 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳೆಂದೂ ಅದೇ ಸಂಸ್ಥೆ ಅಂದಾಜು ಮಾಡಿದೆ.

ಬೀಡಿಯನ್ನು ಕೈಯಲ್ಲೂ ಹಿಡಿಯದ ಅಜ್ಜಿಗೆ ದಮ್ಮು ಬಂದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಸೇರಿಸಿಬಿಡುವುದು ಈ ಭಾಗದ ರೂಢಿ. ಶ್ವಾಸನಾಳಗಳು ಕ್ರಮೇಣ ಕಿರಿದಾಗಿ ಮತ್ತೆ ಮೊದಲಿನಂತಾಗದ ಈ ಕಾಯಿಲೆಯನ್ನು ವೈದ್ಯರು ಸಿಒಪಿಡಿ ಎನ್ನುತ್ತಾರೆ. ದಶಕಗಟ್ಟಲೆ ಕುಡಿದ ಒಲೆಹೊಗೆ ಅದಕ್ಕೆ ಸಾಕಷ್ಟು ಕಾರಣ. ಕಣ್ಣಿನ ಪೊರೆಗೂ ಹೊಗೆಗೂ ಸಂಬಂಧವುಂಟು.

ಪಾವಗಡ, ಶಿರಾ ಕಡೆಯ ಬಯಲಿನಲ್ಲಿ ಬಳ್ಳಾರಿ ಜಾಲಿ, ಕೊರಟಗೆರೆ, ಮಧುಗಿರಿಯ ತೋಟದ ಸಾಲಿನಲ್ಲಿ ತೆಂಗಿನ ಗರಿ ಮತ್ತು ಮಟ್ಟೆ ದುಡ್ಡಿಲ್ಲದೆ ಸಿಗುವ ಉರುವಲು. 2016ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲ ಯೋಜನೆ ಬಡವರ ಮನೆಗೆ ಅಡುಗೆ ಅನಿಲವನ್ನು ತಂದಿತಾದರೂ, ಮುದ್ದೆ ತೊಳಸುವುದಕ್ಕೂ ಹಂಡೆಯ ನೀರು ಕಾಯಿಸುವುದಕ್ಕೂ ಸೌದೆಯೇ ಉಳಿದ ಮನೆಗಳು ಅನೇಕ. ಇದನ್ನು ಹೆಂಗಸರ ಅಜ್ಞಾನವೆಂದು ಕರೆಯುವುದು ಅನ್ಯಾಯ; ಕೂಲಿಯ ದುಡ್ಡಿನಲ್ಲಿ ಸಿಲಿಂಡರು ಎಷ್ಟು ದಿನ ಬರಬೇಕೆಂದು ಲೆಕ್ಕ ಹಾಕುವವರು ಅವರೇ. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಉದ್ಯಾನ ಹೊಗೆಯಿಲ್ಲದ ವಿದ್ಯುತ್ತನ್ನು ನಾಡಿಗೆಲ್ಲ ಕಳಿಸುತ್ತಿರುವಾಗ, ಅದೇ ತಾಲ್ಲೂಕಿನಲ್ಲಿ ಇನ್ನೂ ಜಾಲಿ ಸೌದೆಯ ಹೊಗೆ ಏಳುವುದು ನೋವಿನ ಸಂಗತಿ.

ಒಲೆಯ ಹೊಗೆಯಲ್ಲದೆ, ಕಲ್ಲು ಪುಡಿಮಾಡುವ ಜಲ್ಲಿ ಕ್ರಷರಿನ ದೂಳು ಬೇರೆಯೇ ಕೇಡು. ಬೆಣಚುಕಲ್ಲಿನ ಅಂಶವಿರುವ ಗ್ರಾನೈಟ್ ಪುಡಿಯಾದಾಗ ಏಳುವ ಸಿಲಿಕಾ ಕಣಗಳು ಶ್ವಾಸಕೋಶವನ್ನು ಗಟ್ಟಿಯಾಗಿಸುವ ಸಿಲಿಕೋಸಿಸ್ ರೋಗಕ್ಕೆ ಕಾರಣವಾಗುತ್ತವೆ. ಇದನ್ನು ಗುಣಪಡಿಸುವ ಔಷಧವಿಲ್ಲ, ಮೇಲಾಗಿ ಇದು ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ. ಕಲ್ಲು ಒಡೆಯುವಲ್ಲಿ ಸತತವಾಗಿ ನೀರು ಚಿಮುಕಿಸಿದರೆ ದೂಳು ಬಹುಮಟ್ಟಿಗೆ ಅಲ್ಲಿಯೇ ಕೂರುತ್ತದೆ. ಬಾಯಿಗೆ ಕಟ್ಟಿದ ಟವೆಲ್ಲು ಸೂಕ್ಷ್ಮ ಕಣಗಳನ್ನು ತಡೆಯುವುದಿಲ್ಲ.

ಒಲೆಯ ವಿಷಯದಲ್ಲಿ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಇದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆಯೂರಿ, ಹಳ್ಳಿಯ ಉರುವಲಿನ ಲೆಕ್ಕವನ್ನು ಮನೆಮನೆಯಿಂದ ಸಂಗ್ರಹಿಸಿತು. 1980ರ ದಶಕದ ಆರಂಭದಲ್ಲಿ ಅದು ರೂಪಿಸಿದ ಅಸ್ತ್ರ ಒಲೆಯಲ್ಲಿ ಒಂದೇ ಉರಿ ಮೂರು ಪಾತ್ರೆಗಳನ್ನು ಕಾಯಿಸಿ, ಹೊಗೆ ಕೊಳವೆಯ ಮೂಲಕ ಮಾಡಿನಾಚೆ ಹೋಗುವುದರಿಂದ, ಸೌದೆಯೂ ಉಳಿಯುತ್ತದೆ, ಗೋಡೆಗೆ ಮಸಿಯೂ ಹಿಡಿಯುವುದಿಲ್ಲ. ಸೌದೆಯನ್ನು ಸಣ್ಣದಾಗಿ ಸೀಳಿ ಚೆನ್ನಾಗಿ ಒಣಗಿಸಿರಬೇಕು ಮತ್ತು ಕೊಳವೆಯೊಳಗೆ ಕಟ್ಟಿಕೊಳ್ಳುವ ಮಸಿಯನ್ನು ಆಗಾಗ ಕೆರೆದು ತೆಗೆಯಬೇಕು, ಇಲ್ಲವಾದರೆ ಹೊಗೆ ಮತ್ತೆ ಅಡುಗೆಮನೆಗೇ ತಿರುಗುತ್ತದೆ.